ಡ್ರಾಯಿಂಗ್ ಮಾಸ್ತರರ ಸೈಕಲ್ ಅಂಗಡಿ

ಪುಣೆಯ ಮಾಡೆಲ್ ಕಾಲೊನಿಯಲ್ಲಿ ಲಕಾಕಿ ರಸ್ತೆ ಅಂತ ಒಂದಿದೆ. ದಿನಾಲೂ ಅಲ್ಲಿ ಓಡಾಡುವವರನ್ನು ಕೇಳಿದರೂ ಲಕಾಕಿ ಅಂದರೇನು ಅಂತ ಹೇಳುವವರು ಕಡಿಮೆ. ಅದು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಲಕ್ಷ್ಮಣ ಕಾಶಿನಾಥ ಕಿರ್ಲೋಸ್ಕರ್ ಅನ್ನುವ ಹೆಸರಿನ ಮೂರು ಮೊದಲಕ್ಷರ ಕೂಡಿಸಿ ಮಾಡಿದ ಶಬ್ದ. ಮಗ ಶಂತನುರಾಯರ ಬಂಗಲೆಗೆ ಆ ಹೆಸರಿತ್ತು. ಬಂಗಲೆಯಿಂದ ರಸ್ತೆಗೂ ಅದೇ ಬಂತು.

ಕಿರ್ಲೋಸ್ಕರ್ ಅಂದರೆ ಪುಣೆಯ ಜನ ತಮ್ಮ ಊರಿನ ಕಂಪನಿ ಅಂತಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಅದು ಪಂಪಿನ ಹೆಸರು, ಎಂಜಿನ್ನಿನ ಹೆಸರು. ಅದು ಒಬ್ಬ ಮನುಷ್ಯನ ಹೆಸರೂ ಹೌದು ಅನ್ನೋದು ಯಾರ ಲಕ್ಷ್ಯಕ್ಕೂ ಬರೋದಿಲ್ಲ. ಆ ಮನುಷ್ಯ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಸವದತ್ತಿ ಎಲ್ಲಮ್ಮನ ಗುಡ್ಡದ ಸೀಮೆ ಅದು.

ಕಾಮರ್ಸ್ ಓದುವವನಿಗೆ ಯಂತ್ರದ ಉಸಾಬರಿ ಯಾಕೆ ಅಂತ ಸಂಘದ ಗೆಳೆಯರು ಕೇಳಬಹುದು. ಕಾರಣ ಇದೆ. ನನ್ನ ರೂಮಿನಲ್ಲಿರುವ ಗೆಳೆಯ ಬೈಲಹೊಂಗಲ ಕಡೆಯವನು, ಇಲ್ಲಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದುತ್ತಾನೆ. ವರ್ಕ್‌ಶಾಪಿನಲ್ಲಿ ಅವನು ರಾಜ. ಗೇರ್‌ಬಾಕ್ಸ್ ಬಿಚ್ಚಿ, ತೊಳೆದು, ಒಂದು ವಾಷರ್ ಸಹಿತ ಉಳಿಯದ ಹಾಗೆ ಮತ್ತೆ ಕೂಡಿಸುತ್ತಾನೆ. ಆದರೆ ಎಂಜಿನಿಯರಿಂಗ್ ಡ್ರಾಯಿಂಗ್ ಪೇಪರು ಎರಡು ಸಲ ಉಳೀತು, ಎ.ಟಿ.ಕೆ.ಟಿ. ಮೇಲೆ ಮುಂದೆ ಬಂದಿದಾನೆ. ಈಗ ಡಿಪ್ಲೊಮಾನೇ ಬಿಟ್ಟು ಗ್ಯಾರೇಜು ಸೇರ್ತೀನಿ ಅಂತಾನೆ. ಕೈಗೆ ಕೆಲಸ ಗೊತ್ತಿದ್ದ ಮೇಲೆ ಕಾಗದದ ಮೇಲೆ ಗೆರೆ ಎಳೆಯೋದು ಯಾಕೆ ಅನ್ನೋದು ಅವನ ವಾದ. ಅದಕ್ಕೆ ಸಾಕ್ಷಿಯಾಗಿ ಅವನು ತರೋದು ಲಕ್ಷ್ಮಣರಾವ್ ಕಿರ್ಲೋಸ್ಕರರನ್ನೇ: ಅವರು ಯಾವ ಎಂಜಿನಿಯರಿಂಗ್ ಪರೀಕ್ಷೆ ಪಾಸಾಗಿದ್ದರು ಅಂತ. ಸಾಕ್ಷಿಯನ್ನು ಪೂರ್ತಿ ಕೇಳಿಯೇ ಬಿಡೋಣ ಅಂತ ಇದನ್ನು ಬರೆಯಲು ಕೂತೆ. ಪ್ರವೇಶ ಶುಲ್ಕ ಕಟ್ಟಿ, ಊರಿನಿಂದ ತಿಂಗಳಾ ತಿಂಗಳಾ ಹಣ ತರಿಸಿ ಓದುವವನ ಎರಡು ವರ್ಷದ ಪ್ರಶ್ನೆ ಇದು. ಬರೀ ವಾದದ ಮಾತಲ್ಲ.

ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗನೂ ಅದೇ ದಾರಿ ಹಿಡಿಯಬೇಕು ಅನ್ನೋದು ಮನೆಯ ಅಪೇಕ್ಷೆ. ಹುಡುಗನಿಗೆ ಶಾಲೆಯ ಪಾಠ ಹತ್ತಲಿಲ್ಲ; ಚಿತ್ರ ತೆಗೆಯೋದು ಮತ್ತು ಯಂತ್ರ, ಇವೆರಡರಲ್ಲೇ ಆಸಕ್ತಿ. ಅಂದಹಾಗೆ ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಗುರ್ಲಹೊಸೂರಿನವರು. ಅವರ ಸಂಗೀತ ಶಾಕುಂತಲ 1880ರಲ್ಲಿ ಇದೇ ಪುಣೆಯಲ್ಲಿ ರಂಗಕ್ಕೆ ಬಂತು. ಒಂದು ಸಣ್ಣ ಕನ್ನಡ ಹಳ್ಳಿ ಪುಣೆಗೆ ಎರಡು ಕಿರ್ಲೋಸ್ಕರರನ್ನು ಕೊಟ್ಟಿದೆ. ನಮ್ಮ ಮರಾಠಿ ಗೆಳೆಯರಿಗೆ ಇದನ್ನು ಆಗಾಗ ನೆನಪಿಸೋದರಲ್ಲಿ ತಪ್ಪೇನಿಲ್ಲ.

ಅಣ್ಣಾಸಾಹೇಬರು ತೀರಿಕೊಂಡ 1885ರಲ್ಲೇ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ತಂದೆಗೆ ಒಪ್ಪಿಗೆ ಇರಲಿಲ್ಲ. ಹಣದ ಸಹಾಯ ಮಾಡಿದವರು ಅಣ್ಣ ರಾಮಣ್ಣ. ಎರಡು ವರ್ಷ ಕಲಿತ ಮೇಲೆ ತಿಳಿದದ್ದೇನು? ತನ್ನ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣೋದಿಲ್ಲ ಅನ್ನೋದು! ಚಿತ್ರಕಾರನಾಗಬೇಕು ಅಂತ ಮನೆಯವರನ್ನು ಎದುರು ಹಾಕಿಕೊಂಡು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಅಷ್ಟಕ್ಕೇ ಊರಿಗೆ ವಾಪಸು ಬಂದಿದ್ದರೆ ಯಾರೂ ತಪ್ಪು ಅಂತಿರಲಿಲ್ಲ.

ಅವರು ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರದ ಚಿತ್ರಕ್ಕೆ ಬಣ್ಣ ಬೇಕಿಲ್ಲ. ಒಂದು ನಟ್ಟು-ಬೋಲ್ಟನ್ನೇ ತೆಗೆದುಕೊಳ್ಳಿ. ಕೈಯಲ್ಲಿ ಹಿಡಿದರೆ ಅದು ಒಂದು ವಸ್ತು, ಅಷ್ಟೆ. ಕಾಗದದ ಮೇಲೆ ಮಾತ್ರ ಅದನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಬೇರೆ ಬೇರೆ ಬರೆಯಬೇಕು; ಒಳಗೆ ಏನಿದೆ ಅನ್ನೋದಕ್ಕೆ ಕುಂಬಳಕಾಯಿ ಹೋಳು ಮಾಡಿದ ಹಾಗೆ ನಟ್ಟನಡುವೆ ಕೊಯ್ದು ತೋರಿಸಬೇಕು; ಪ್ರತಿಯೊಂದು ಗೆರೆಗೂ ಅಳತೆ ಇರಬೇಕು. ಆ ಕಾಗದ ನೋಡಿ, ಬೋಲ್ಟನ್ನು ಕಣ್ಣಿಂದ ಕಾಣದ ಇನ್ನೊಬ್ಬ ಮನುಷ್ಯ ನೂರು ಮೈಲಿ ದೂರದಲ್ಲಿ ಅಂಥದ್ದೇ ಬೋಲ್ಟು ಮಾಡಬೇಕು. ಇಷ್ಟಾದರೆ ಅದು ಡ್ರಾಯಿಂಗ್. ನನ್ನ ಗೆಳೆಯ ಬೇಸರ ಮಾಡಿಕೊಳ್ಳುವ ಪೇಪರು ಇದೇ.

ವಿಕ್ಟೋರಿಯಾ ರಾಣಿಯ ಪಟ್ಟಕ್ಕೆ ಐವತ್ತು ವರ್ಷ ಆದ ನೆನಪಿಗೆ ಮುಂಬಯಿಯಲ್ಲಿ 1887ರಲ್ಲಿ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಇವತ್ತಿಗೂ ವಿ.ಜೆ.ಟಿ.ಐ. ಅಂತಲೇ ಪ್ರಸಿದ್ಧ. ಲಕ್ಷ್ಮಣರಾಯರಿಗೆ ಅಲ್ಲಿ ಯಂತ್ರಚಿತ್ರ ಕಲಿಸುವ ಸಹಾಯಕ ಮಾಸ್ತರರ ಕೆಲಸ ಸಿಕ್ಕಿತು. ಹುಡುಗರಿಗೆ ಡ್ರಾಯಿಂಗ್ ಕಲಿಸುತ್ತ, ಅಲ್ಲಿಯ ವರ್ಕ್‌ಶಾಪಿನ ಯಂತ್ರಗಳಿಂದ ತಾವು ಕಲಿತರು. ನನ್ನ ಗೆಳೆಯನ ಸಾಕ್ಷಿ ಇಲ್ಲಿಯೇ ಸ್ವಲ್ಪ ಅಲುಗಾಡುತ್ತದೆ. ಕಾಲೇಜು ಕಾಣದ ಮನುಷ್ಯ ಅಂತ ಹೇಳುವ ಇವರು ತಾಂತ್ರಿಕ ಕಾಲೇಜಿನಲ್ಲೇ ವರ್ಷಗಟ್ಟಲೆ ಇದ್ದವರು. ಬೆಂಚಿನ ಈ ಕಡೆ ಅಲ್ಲ, ಆ ಕಡೆ, ಅಷ್ಟೇ ಫರಕು.

ಮುಂಬಯಿಯಲ್ಲಿ ಅವರ ಕಣ್ಣಿಗೆ ಬಿದ್ದ ಇನ್ನೊಂದು ವಸ್ತು ಸೈಕಲ್ಲು. ಆಗ ಅದು ಜಗತ್ತಿಗೇ ಹೊಸದು. ಎರಡು ಗಾಲಿ ಸಮ ಇದ್ದು ಹಿಂದಿನ ಗಾಲಿಗೆ ಚೈನು ಹಾಕಿದ ಮಾದರಿಯನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಪೇಟೆಗೆ ತಂದಿದ್ದ. ಡನ್‌ಲಪ್ ಗಾಳಿ ತುಂಬುವ ಟೈರು ಮಾಡಿದ್ದು 1888ರಲ್ಲಿ. ಲಕ್ಷ್ಮಣರಾಯರು ಸೈಕಲ್ ಹೊಡೆಯಲು ಕಲಿತರು. ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸತೊಡಗಿದರು. ಅಲ್ಲಿ ಮಾರುವ ಕೆಲಸ ಅಣ್ಣ ರಾಮಣ್ಣನವರದು. ಕಿರ್ಲೋಸ್ಕರ್ ಕಂಪನಿಗಳು ತಮ್ಮ ಹುಟ್ಟಿದ ವರ್ಷ ಅಂತ ಹೇಳಿಕೊಳ್ಳುವುದು 1888. ಅಂದರೆ ಆ ಇಡೀ ಸಂಸಾರದ ಮೂಲಪುರುಷ ಬೆಳಗಾವಿಯ ಒಂದು ಸೈಕಲ್ ಅಂಗಡಿ. ಬೆಳಗಾವಿಯ ಕಿರ್ಲೋಸ್ಕರ್ ರೋಡು ಈಗಲೂ ಆ ಹೆಸರು ಹೊತ್ತುಕೊಂಡಿದೆ.

ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ! ಆ ಕಾಲದ ರೂಪಾಯಿ ಅನ್ನೋದನ್ನು ಮರೆಯಬಾರದು. ಸೈಕಲ್ ಹೊಡೆಯಲು ಕಲಿಸುವುದಕ್ಕೆ ಬೇರೆ 15 ರೂಪಾಯಿ. ಇಲ್ಲಿ ಕಾಮರ್ಸಿನವನು ಒಂದು ಮಾತು ಹೇಳಲೇಬೇಕು. ಸಾವಿರ ರೂಪಾಯಿಯ ಮಾಲು ಕೊಳ್ಳುವವರು ಒಂದು ಊರಿನಲ್ಲಿ ಎಷ್ಟು ಜನ ಇರುತ್ತಾರೆ? ಸಾಹೇಬರು, ವಕೀಲರು, ಇನಾಮದಾರರು, ಅಲ್ಲಿಗೆ ಮುಗಿಯಿತು. ಆದರೆ ಮಾರಿದ ಸೈಕಲ್ಲು ಕೆಡದೆ ಇರೋದಿಲ್ಲ. ಕಲಿಸುವುದಕ್ಕೂ ದುರಸ್ತಿಗೂ ಬಂಡವಾಳ ಹಾಕಿ ಮಾಲು ತುಂಬಿಡಬೇಕಿಲ್ಲ. ಬೇಕಾಗುವುದು ಕೈ ಮತ್ತು ತಾಳ್ಮೆ. ವ್ಯಾಪಾರದ ಗಟ್ಟಿ ಭಾಗ ಇದೇ ಅಂತ ನನ್ನ ಲೆಕ್ಕ. ಇದನ್ನು ಊರಲ್ಲಿ ಕೂತು ನೋಡಿಕೊಂಡ ರಾಮಣ್ಣನವರ ಹೆಸರು ರಸ್ತೆಗೂ ಇಲ್ಲ, ಬಂಗಲೆಗೂ ಇಲ್ಲ. ತಮ್ಮನನ್ನು ಮುಂಬಯಿಗೆ ಕಳಿಸಿದವರೂ ಅವರೇ, ಅಂಗಡಿ ಇಟ್ಟವರೂ ಅವರೇ. ಕಿರ್ಲೋಸ್ಕರ್ ಬ್ರದರ್ಸ್ ಅನ್ನೋ ಹೆಸರಿನ ಎರಡನೇ ಶಬ್ದದಲ್ಲಿ ಅವರಿದ್ದಾರೆ ಅಂತ ಸಮಾಧಾನ ಮಾಡಿಕೊಳ್ಳಬೇಕು.

ಅಷ್ಟರಲ್ಲಿ ಕಾಲೇಜಿನಲ್ಲಿ ಲಕ್ಷ್ಮಣರಾಯರಿಗೆ ಬರಬೇಕಾಗಿದ್ದ ಬಡ್ತಿಯನ್ನು ಒಬ್ಬ ಆಂಗ್ಲೋ-ಇಂಡಿಯನ್ ಮಾಸ್ತರರಿಗೆ ಕೊಟ್ಟರು. ಕೆಲಸದಲ್ಲಿ ಕಡಿಮೆ ಅಂತ ಅಲ್ಲ, ಚರ್ಮದ ಬಣ್ಣ ಕಡಿಮೆ ಬಿತ್ತು. ಬಣ್ಣ ಅವರನ್ನು ಅಡ್ಡಗಟ್ಟಿದ್ದು ಇದು ಎರಡನೇ ಸಲ. ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಸರಕಾರದ ಕೃಪೆಯಲ್ಲಿದ್ದ ಒಂದು ಸಂಸ್ಥೆಯ ಪಕ್ಕಾ ನೌಕರಿ ಬಿಟ್ಟು ಸೈಕಲ್ ಅಂಗಡಿಯಲ್ಲಿ ಪಾನಾ ಹಿಡಿದು ಕೂತ ಬ್ರಾಹ್ಮಣ ಮಾಸ್ತರರನ್ನು ಕಂಡು ಆಗಿನ ಬೆಳಗಾವಿ ಏನಂದಿರಬಹುದು ಅನ್ನೋದನ್ನು ಓದುಗರೇ ಊಹಿಸಿಕೊಳ್ಳಲಿ. ಇವತ್ತು ಆಟೊಮೊಬೈಲ್ ಓದುವ ಹುಡುಗನ ಮನೆಗೆ ಬಂದ ನೆಂಟರು ಗಾಡಿ ರಿಪೇರಿಯವ ಆಗ್ತಾನೇನು ಅಂತ ಕೇಳುವ ಧಾಟಿ ಬಹಳ ಹಳೆಯದು.

ಸೈಕಲ್ ದುರಸ್ತಿ ಸಣ್ಣ ವಿದ್ಯೆ ಅಂತ ತಿಳಿಯಬಾರದು. ಮೋಟಾರು ಗಾಡಿಯ ಅರ್ಧ ಪಾಠ ಅದರಲ್ಲೇ ಇದೆ. ಕಾಲಿನ ಬಲವನ್ನು ಹಿಂದಿನ ಗಾಲಿಗೆ ಮುಟ್ಟಿಸಲು ಹಲ್ಲಿನ ಚಕ್ರ ಮತ್ತು ಚೈನು. ಮುಂದಿನ ಚಕ್ರಕ್ಕೆ ಹಲ್ಲು ಹೆಚ್ಚು, ಹಿಂದಿನದಕ್ಕೆ ಕಡಿಮೆ ಇದ್ದರೆ ವೇಗ ಹೆಚ್ಚು, ಏರು ಹತ್ತುವಾಗ ಕಷ್ಟವೂ ಹೆಚ್ಚು. ಗೇರ್‌ಬಾಕ್ಸಿನ ಗುಟ್ಟೂ ಇದೇ. ಅಚ್ಚಿನ ಸುತ್ತ ಗುಂಡುಗಳು ಉರುಳಿ ತಿಕ್ಕಾಟ ತಗ್ಗಿಸುತ್ತವೆ. ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಸಡಿಲಿಸಿ, ರಿಮ್ಮು ಎಡಬಲಕ್ಕೆ ಓಲಾಡದ ಹಾಗೆ ತರುವುದು ನೋಡಲು ಸಲೀಸು. ಮಾಡಿ ನೋಡಿದವರಿಗೆ ಗೊತ್ತು. ಒಂದು ಕಡ್ಡಿ ಬಿಗಿದರೆ ಅದರ ಎದುರಿನದು ತಕರಾರು ಮಾಡುತ್ತದೆ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೊದಲ ಮೋಟಾರು ಗಾಡಿಗೆ ಸೈಕಲ್ಲಿನಂಥ ಕಡ್ಡಿಯ ಗಾಲಿಗಳೇ ಇದ್ದವು. 1896ರಲ್ಲಿ ಹೆನ್ರಿ ಫೋರ್ಡ್ ಮಾಡಿದ ಮೊದಲ ಗಾಡಿ ಓಡಿದ್ದು ನಾಲ್ಕು ಸೈಕಲ್ ಗಾಲಿಗಳ ಮೇಲೆ. ಇಂಗ್ಲೆಂಡಿನ ಮಾರಿಸ್ ಕಾರಿನ ವಿಲಿಯಂ ಮಾರಿಸ್ ಸೈಕಲ್ ರಿಪೇರಿಯಿಂದ ಮೇಲೆ ಬಂದವನು. ಅಮೆರಿಕದ ರೈಟ್ ಸಹೋದರರದಂತೂ ಸೈಕಲ್ ಅಂಗಡಿಯೇ. ಅಲ್ಲಿಯೂ ಬ್ರದರ್ಸ್, ಇಲ್ಲಿಯೂ ಬ್ರದರ್ಸ್.

ಆ ಕಾಲದಲ್ಲಿ ನಮ್ಮ ದೇಶದಲ್ಲಿ ಸೈಕಲ್ ಮಾರಿದವರು, ದುರಸ್ತಿ ಮಾಡಿದವರು ಲಕ್ಷ್ಮಣರಾಯರು ಒಬ್ಬರೇ ಅಲ್ಲ. ಉಳಿದವರ ಅಂಗಡಿ ಅಂಗಡಿಯಾಗಿಯೇ ಉಳಿಯಿತು, ಇವರದು ಕಾರ್ಖಾನೆ ಆಯಿತು. ಯಾಕೆ? ನನಗೆ ಕಾಣುವ ಉತ್ತರ ಡ್ರಾಯಿಂಗು. ದುರಸ್ತಿ ಬಲ್ಲವನು ಕೆಟ್ಟ ಭಾಗ ತೆಗೆದು ಹೊಸದು ಹಾಕುತ್ತಾನೆ. ಹೊಸದು ಸಿಗದಿದ್ದರೆ ಕೈ ಕಟ್ಟಿ ಕೂಡುತ್ತಾನೆ. ಕೆಟ್ಟ ಭಾಗವನ್ನು ಅಳೆದು ಕಾಗದಕ್ಕೆ ಇಳಿಸಬಲ್ಲವನು ಹೊಸದನ್ನು ಮಾಡಿಸುತ್ತಾನೆ. ಒಂದು ಮಾಡಿದವನಿಗೆ ನೂರು ಮಾಡುವುದು ಬರುತ್ತದೆ. ಎಲ್ಲಿ ಸವೆಯಿತು, ಯಾಕೆ ಸವೆಯಿತು ಅಂತ ತಿಳಿದವನು ಅದಕ್ಕಿಂತ ಚಲೋದನ್ನೂ ಮಾಡುತ್ತಾನೆ.

ಹಾಗೆ ಅವರು ಮೊದಲು ಮಾಡಿದ್ದು ದನಗಳ ಮೇವು ಕತ್ತರಿಸುವ ಯಂತ್ರ. ಆಮೇಲೆ, 1903ರಲ್ಲಿ, ಕಬ್ಬಿಣದ ನೇಗಿಲು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಸೈಕಲ್ ಅಂಗಡಿಯ ಸಹೋದರರು ವಿಮಾನ ಹಾರಿಸಿದರು. ವಿಮಾನದ ಮುಂದೆ ನೇಗಿಲು ಏನು ದೊಡ್ಡದು ಅಂತ ಅನ್ನಿಸಬಹುದು. ನಮ್ಮ ಎರೆ ಹೊಲ ಉತ್ತವರು ಹಾಗೆ ಅನ್ನಲಾರರು. ಮರದ ನೇಗಿಲು ಮಣ್ಣನ್ನು ಗೀರುತ್ತದೆ, ಮಗುಚುವುದಿಲ್ಲ. ಆಳಕ್ಕೆ ಬೇರು ಬಿಟ್ಟ ಕರಿಕೆ ಅದಕ್ಕೆ ಜಗ್ಗುವುದಿಲ್ಲ. ಬಾಗಿದ ಕಬ್ಬಿಣದ ಹಲಗೆ ಇರುವ ನೇಗಿಲು ಮಣ್ಣನ್ನು ಕೆಳಗಿಂದ ಎತ್ತಿ ಬೋರಲು ಹಾಕುತ್ತದೆ.

ಇದನ್ನು ಎರಕ ಹೊಯ್ದು ಮಾಡಬೇಕು. ಡ್ರಾಯಿಂಗ್ ನೋಡಿ ಬಡಗಿ ಮರದ ಅಚ್ಚು ಮಾಡುತ್ತಾನೆ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಆಗುವ ಪೊಳ್ಳಿನಲ್ಲಿ ಕರಗಿದ ಬೀಡು ಹೊಯ್ಯುತ್ತಾರೆ. ಬೀಡು ಆರಿದಾಗ ಕುಗ್ಗುತ್ತದೆ, ಒಂದು ಅಡಿಗೆ ಸುಮಾರು ಇಂಚಿನ ಎಂಟನೇ ಒಂದು ಭಾಗ. ಅಷ್ಟನ್ನು ಲೆಕ್ಕ ಹಾಕಿ ಅಚ್ಚನ್ನು ಮೊದಲೇ ದೊಡ್ಡದು ಮಾಡಿರಬೇಕು. ಮರೆತರೆ ನೇಗಿಲಿನ ತೂತಿಗೆ ಬೋಲ್ಟು ಕೂಡೋದಿಲ್ಲ. ಕೈಯ ಅಂದಾಜಿಗೆ ಸಿಗುವ ಲೆಕ್ಕ ಅಲ್ಲ ಇದು. ಕಾಗದದ ಮೇಲೆ ಗೆರೆ ಎಳೆದವನಿಗೇ ಸಿಗೋದು.

ನೇಗಿಲು ಆಯಿತು, ಕೊಳ್ಳುವವರು ಇಲ್ಲ. ಕಬ್ಬಿಣ ಸೋಕಿದರೆ ಭೂಮಿಗೆ ವಿಷ ಆಗ್ತದೆ ಅಂತ ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ಮಾಲು ಕಟ್ಟಿಹಾಕಿಕೊಂಡು ಕೂತ ಅಂಗಡಿಯ ಬ್ಯಾಲೆನ್ಸ್ ಶೀಟ್ ಹೇಗಿದ್ದೀತು ಅಂತ ನೆನೆದರೆ ನನಗೆ ಈಗಲೂ ಬೆವರು ಬರ್ತದೆ. ರೈತರನ್ನು ಮೂಢರು ಅಂತ ಬರೆಯುವುದು ಸುಲಭ, ನಾನು ಬರೆಯೋದಿಲ್ಲ. ಒಂದು ಹಂಗಾಮು ತಪ್ಪಿದರೆ ವರ್ಷದ ಗಂಜಿ ತಪ್ಪುವ ಮನುಷ್ಯ ಹೊಸದನ್ನು ಇನ್ನೊಬ್ಬರ ಹೊಲದಲ್ಲಿ ನೋಡಿಯೇ ಒಪ್ಪುತ್ತಾನೆ. ಇಲ್ಲಿಯೂ ಹಾಗೇ ಆಯಿತು. ಒಬ್ಬರು ಕೊಂಡರು, ಕೆಲಸ ಮಾತಾಡಿತು.

ಸ್ವಲ್ಪ ಜೀವ ಬಂತು ಅನ್ನುವಾಗ ಬೆಳಗಾವಿ ಮುನಿಸಿಪಾಲಿಟಿ ಊರಿನ ವಿಸ್ತರಣೆಗೆ ಜಾಗ ಬೇಕು, ಕಾರ್ಖಾನೆ ಎತ್ತಿ ಅಂದಿತು. ಯಂತ್ರ, ಜನ, ಸಾಲ, ಎಲ್ಲ ಹೊತ್ತುಕೊಂಡು ಹೋಗುವುದೆಲ್ಲಿಗೆ? ಕೈ ಹಿಡಿದವರು ಔಂಧದ ರಾಜರು. ನಮ್ಮ ಪುಣೆಯ ಔಂಧ ಅಲ್ಲ, ಸಾತಾರಾ ಕಡೆಯ ಔಂಧ ಸಂಸ್ಥಾನ. ಸೂರ್ಯನಮಸ್ಕಾರದ ಪ್ರಚಾರಕ್ಕೆ ಹೆಸರಾದ ಬಾಳಾಸಾಹೇಬ ಪಂತ ಪ್ರತಿನಿಧಿ ಆಗ ಅಲ್ಲಿ ರಾಜರು. ಅವರೂ ಚಿತ್ರಕಾರರು. ಬಣ್ಣ ಕಾಣುವ ಚಿತ್ರಕಾರ ಬಣ್ಣ ಕಾಣದ ಚಿತ್ರಕಾರನಿಗೆ ಕುಂಡಲ ರೋಡ್ ಸ್ಟೇಶನ್ ಹತ್ತಿರ 32 ಎಕರೆ ಬರಡು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟ. 1910ರಲ್ಲಿ 25 ಜನ ಕೆಲಸಗಾರರು ಹೆಂಡಿರು ಮಕ್ಕಳ ಸಮೇತ ಅಲ್ಲಿಗೆ ಬಂದರು. ಪಾಪಾಸುಕಳ್ಳಿ, ನಾಗರಹಾವು, ಬಿಸಿಲು. ಅದೇ ಮುಂದೆ ಕಿರ್ಲೋಸ್ಕರವಾಡಿ ಆಯಿತು. ಪುಣೆಯಿಂದ ಮೀರಜ ಕಡೆ ರೈಲಿನಲ್ಲಿ ಊರಿಗೆ ಹೋಗುವ ನಾವು ಸಾಂಗ್ಲಿ ಜಿಲ್ಲೆಯಲ್ಲಿ ಆ ಸ್ಟೇಶನ್ ದಾಟಿಯೇ ಹೋಗುತ್ತೇವೆ.

ಕಿರ್ಲೋಸ್ಕರವಾಡಿ ಕಾರ್ಖಾನೆ ಹೌದು, ಅದಕ್ಕಿಂತ ಹೆಚ್ಚಾಗಿ ಅದೊಂದು ಶಾಲೆ ಅಂತ ನಾನು ಹೇಳ್ತೀನಿ. ಕಲಿತ ಎಂಜಿನಿಯರುಗಳು ಆ ಕಾಡಿಗೆ ಯಾಕೆ ಬಂದಾರು? ಇದ್ದವರನ್ನೇ ತಯಾರು ಮಾಡಬೇಕಾಯಿತು. ಶಾಲೆ ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಕಲ್ಪನೆಯುಳ್ಳ ಎಂಜಿನಿಯರ್ ಆದರು. ಯಾವ ಕೆಲಸದಲ್ಲೂ ನಿಲ್ಲದಿದ್ದ ಕೆ.ಕೆ. ಕುಲಕರ್ಣಿ ವ್ಯವಸ್ಥಾಪಕರಾದರು. ಮಂಗೇಶರಾವ್ ರೇಗೆ ಲೆಕ್ಕಪತ್ರ ನೋಡಿಕೊಂಡರು. ದರೋಡೆಯ ಶಿಕ್ಷೆ ಮುಗಿಸಿ ಜೈಲಿನಿಂದ ಬಂದ ಇಬ್ಬರು ಆ ಊರಿನ ನಂಬಿಗಸ್ಥ ಕಾವಲುಗಾರರಾದರು. ವಾಡಿಯಲ್ಲಿ ಅಸ್ಪೃಶ್ಯತೆ ನಡೆಯಕೂಡದು ಅಂತ ಲಕ್ಷ್ಮಣರಾಯರ ಕಟ್ಟಪ್ಪಣೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಈ ಹೆಸರುಗಳನ್ನು ಕೇಳಿದರೆ ನನ್ನ ಗೆಳೆಯ ಖುಷಿಯಾಗ್ತಾನೆ, ಇವರ್ಯಾರೂ ಡಿಪ್ಲೊಮಾ ಮಾಡಿಲ್ಲ ಅಂತ. ಆದರೆ ಇವರಿಗೆ ಕಲಿಸಿದವರು ಯಾರು ಅನ್ನೋದನ್ನು ಬಿಟ್ಟುಬಿಡ್ತಾನೆ. ಕಾಲೇಜಿನ ಡ್ರಾಯಿಂಗ್ ಮಾಸ್ತರರೇ ಮಾಲಕರಾಗಿ ಎದುರಿಗೆ ನಿಂತಿದ್ದರು. ಇನ್ನೂ ಒಂದು ಸಂಗತಿ ಇದೆ. ಓದು ಬೇಡ, ಕೈಕೆಲಸ ಸಾಕು ಅಂತ ಲಕ್ಷ್ಮಣರಾಯರು ನಂಬಿದ್ದರೆ ತಮ್ಮ ಮಗನನ್ನು ನೇರವಾಗಿ ಎರಕದ ಕುಲುಮೆಗೆ ಹಚ್ಚಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನೇಗಿಲಿನ ವರ್ಷದಲ್ಲೇ, 1903ರಲ್ಲಿ, ಹುಟ್ಟಿದ ಶಂತನುರಾಯರನ್ನು ಅಮೆರಿಕದ ಎಂ.ಐ.ಟಿ.ಗೆ ಕಳಿಸಿದರು. ಮಗ 1926ರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಬಂದರು. ತಾವು ಕಾಗದ ಮತ್ತು ಕೈ ಎರಡನ್ನೂ ಬೇರೆ ಬೇರೆ ಕಡೆ ಅಲೆದು ಕೂಡಿಸಿಕೊಂಡವರು. ಮಗನಿಗೆ ಆ ಅಲೆದಾಟ ಬೇಡ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮುಂದಿನದು ಬಹಳ ಜನರಿಗೆ ಗೊತ್ತಿರುವ ಕಥೆ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿ ಆಯಿತು. ಪಂಪು ಬಂತು, ಎಂಜಿನ್ ಬಂತು. 1941ರಲ್ಲಿ ನಮ್ಮ ಹರಿಹರದಲ್ಲಿ, ತುಂಗಭದ್ರೆಯ ದಂಡೆಗೆ, ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತು ಮಾಡತೊಡಗಿತು. ಲೇತು ಅಂದರೆ ಯಂತ್ರ ಮಾಡುವ ಯಂತ್ರ. ಎಷ್ಟೋ ವರ್ಷ ಹರಿಹರದ ಗುರುತೇ ಅದಾಗಿತ್ತು. ಈಗ ಆ ಕಾರ್ಖಾನೆ ಇಲ್ಲ. 1946ರಲ್ಲಿ ಪುಣೆಯ ಖಡಕಿಯಲ್ಲಿ ಡೀಸೆಲ್ ಎಂಜಿನ್ ಕಾರ್ಖಾನೆ ಬಂತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಒಳಗೆ ಎಳೆದು ಜೋರಾಗಿ ಒತ್ತಿದರೆ ಅದೇ ಕಾಯುತ್ತದೆ. ಆ ಕಾಯ್ದ ಗಾಳಿಗೆ ಎಣ್ಣೆಯನ್ನು ಸಣ್ಣಗೆ ಚಿಮ್ಮಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಚಿಮ್ಮಿಸುವ ತೂತು ಕೂದಲೆಳೆಯ ಅಳತೆಯದು. ಸೈಕಲ್ಲಿನಿಂದ ಇಲ್ಲಿಗೆ ಬರುವಾಗ ಅಳತೆ ಸಣ್ಣದಾಗುತ್ತ ಬಂತು, ಡ್ರಾಯಿಂಗಿನ ಗೆರೆ ಇನ್ನೂ ನಿಖರ ಆಗುತ್ತ ಬಂತು.

ಇವತ್ತಿನ ಗಾಡಿಯಲ್ಲಂತೂ ಎಂಜಿನ್ನಿನ ಮೇಲೆ ಸೆನ್ಸರುಗಳ ಜಾತ್ರೆ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಅದು ಇನ್ನೂ ಹೆಚ್ಚಿದೆ. ವೈರಿಂಗ್ ನಕ್ಷೆ ಓದಲು ಬಾರದವನು ಪಾನಾ ಹಿಡಿದು ಎಷ್ಟು ಸುತ್ತು ಹಾಕಿದರೂ ದೋಷ ಸಿಗೋದಿಲ್ಲ. ಪಿಂಪ್ರಿ, ಚಾಕಣ ಕಡೆಯ ವಾಹನ ಕಾರ್ಖಾನೆಗಳ ಗೇಟಿನಲ್ಲಿ ಕೆಲಸ ಕೇಳುವ ಹುಡುಗರಿಗೆ ಮೊದಲು ಕೈಗೆ ಕೊಡುವುದು ಒಂದು ಡ್ರಾಯಿಂಗಾದರೆ ನಾನು ಬೆರಗಾಗುವುದಿಲ್ಲ. ಗೆಳೆಯನ ಮುಂದಿನ ಪರೀಕ್ಷೆಯ ಫಾರ್ಮು ತುಂಬುವ ದಿನ ಹತ್ತಿರ ಬಂದಿದೆ. ಟೇಬಲ್ ಮೇಲೆ ಅವನ ಟಿ-ಸ್ಕ್ವೇರು ಧೂಳು ಹಿಡಿದು ಬಿದ್ದಿತ್ತು. ಒರೆಸಿ ಇಟ್ಟಿದ್ದೇನೆ, ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

ಲಕ್ಷ್ಮಣರಾಯರ ಕೊನೆಯ ವರ್ಷಗಳು ನೆಮ್ಮದಿಯವೇ ಅನ್ನಲಾಗದು. 1948ರಲ್ಲಿ ಗಾಂಧೀಜಿಯ ಹತ್ಯೆಯಾದಾಗ, ಕೊಂದವನು ಬ್ರಾಹ್ಮಣ ಅನ್ನೋ ಸಿಟ್ಟಿನಲ್ಲಿ ಈ ಭಾಗದಲ್ಲಿ ಎಷ್ಟೋ ಮನೆಗಳಿಗೆ ಬೆಂಕಿ ಬಿತ್ತು. ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬಿತ್ತು. ಆಗ ಅವರಿಗೆ 78 ವರ್ಷ. ಬರಡು ನೆಲದಲ್ಲಿ ಕಳ್ಳಿ ಕಡಿದು ಕಟ್ಟಿದ್ದು ಕಣ್ಣ ಮುಂದೆ ಬೂದಿಯಾಯಿತು. ಕಾರ್ಖಾನೆಯನ್ನು ಮತ್ತೆ ಕಟ್ಟಿದರು. ಈಗಲೂ ಅಲ್ಲಿ ಪಂಪುಗಳು ತಯಾರಾಗುತ್ತವೆ.

1956ರ ಸೆಪ್ಟೆಂಬರ್ 26ರಂದು, 87ನೇ ವಯಸ್ಸಿನಲ್ಲಿ ಲಕ್ಷ್ಮಣರಾಯರು ತೀರಿಕೊಂಡರು. ಐದು ವಾರ ಕಳೆದು ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ ಆಯಿತು. ಗುರ್ಲಹೊಸೂರೂ ಬೆಳಗಾವಿಯ ಸೈಕಲ್ ಅಂಗಡಿಯ ರಸ್ತೆಯೂ ಮೈಸೂರು ರಾಜ್ಯಕ್ಕೆ ಬಂದವು. ಕಿರ್ಲೋಸ್ಕರವಾಡಿ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಹುಟ್ಟಿ ನೂರು ವರ್ಷ ತುಂಬಿದ ದಿನ, 1969ರ ಜೂನ್ 20ರಂದು, ಭಾರತ ಸರಕಾರ ಅವರ ಅಂಚೆ ಚೀಟಿ ತಂದಿತು.